ಮಾತು ನಿಂತಾಗ ಯಾವ ಕೀಲಿ?

ರೇಡಿಯೊ ಕೇಳುತ್ತಿದ್ದೀರಿ. ಮಾತು ತಟ್ಟನೆ ನಿಲ್ಲುತ್ತದೆ. ಏನು ಮಾಡುತ್ತೀರಿ? ಮೊದಲು ವಾಲ್ಯೂಮ್ ತಿರುಗಿಸಿ ನೋಡುತ್ತೀರಿ. ಆಮೇಲೆ ಪೆಟ್ಟಿಗೆಯ ತಲೆಗೆ ಒಂದು ಏಟು. ಕರೆಂಟು ಹೋಯಿತೋ, ಸೆಲ್ಲು ಮುಗಿಯಿತೋ, ನಿಲಯದಲ್ಲೇ ಏನಾದರೂ ಆಯಿತೋ, ತಿಳಿಯುವುದಿಲ್ಲ. ಕಣ್ಣು ಕಾಣದ ನಮ್ಮ ಪಾಲಿಗೆ ಕಂಪ್ಯೂಟರೂ ಹೀಗೆಯೇ. ಅದು ಮಾತಾಡುತ್ತಿದ್ದರೆ ಇದೆ. ಮಾತು ನಿಂತರೆ, ಮುಂದೆ ಇದ್ದೂ ಇಲ್ಲ.

ಇವತ್ತಿನ ವಿಷಯ ಇದು: ಕಣ್ಣು ಕಾಣದವರು ಯಾವ ಬಗೆಯ ಕಂಪ್ಯೂಟರ್ ಆರಿಸಿಕೊಳ್ಳಬೇಕು? ವಿಂಡೋಸೋ, ಮ್ಯಾಕೋ, ಲಿನಕ್ಸೋ? ನಾನೂ ಕಣ್ಣು ಕಾಣದವನೇ. ಹಾಗಾಗಿ ಈ ಪ್ರಶ್ನೆ ನನ್ನ ಕಿವಿಗೆ ಆಗಾಗ ಬೀಳುತ್ತದೆ. ಕಾಲೇಜು ಸೇರುವ ಹುಡುಗರು ಕೇಳುತ್ತಾರೆ. ಬ್ಯಾಂಕಿನಲ್ಲಿ ಹೊಸದಾಗಿ ಕೆಲಸ ಸಿಕ್ಕವರು ಕೇಳುತ್ತಾರೆ. ಎಲ್ಲರಿಗಿಂತ ಹೆಚ್ಚಾಗಿ ಅಪ್ಪ ಅಮ್ಮಂದಿರು ಕೇಳುತ್ತಾರೆ. ಈಚೆಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಅದಕ್ಕೆ ಕಾರಣವೂ ಇದೆ. 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಯಂತ್ರ ಬದಲಿಸಲೇಬೇಕಾದವರು ಬಹಳ ಮಂದಿ.

ಸರಿ, ಅಂಗಡಿಗೆ ಹೋಗುತ್ತೇವೆ. ಅಲ್ಲಿನ ಹುಡುಗ ಹೇಳುತ್ತಾನೆ: "ಸಾರ್, ಡಿಸ್‌ಪ್ಲೇ ನೋಡಿ, ಕಲರ್ ಎಷ್ಟು ಚೆನ್ನಾಗಿ ಬರುತ್ತೆ!" ಪಾಪ, ಅವನ ತಪ್ಪಲ್ಲ. ಅವನಿಗೆ ಕಲಿಸಿದ ಪಾಠ ಅದು. ನಮಗೆ ಪರದೆ ಹದಿನಾಲ್ಕು ಇಂಚಾದರೇನು, ಹದಿನೇಳು ಇಂಚಾದರೇನು. ನನ್ನ ಪ್ರಶ್ನೆ ಬೇರೆ. ಈ ಯಂತ್ರ ಮಾತು ನಿಲ್ಲಿಸಿದಾಗ, ಪಕ್ಕದ ಮನೆಯವರನ್ನು ಕರೆಯದೆ, ನಾನೇ ಅದನ್ನು ಮತ್ತೆ ಮಾತಾಡಿಸಬಲ್ಲೆನೆ? ಈ ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಮೂರೂ ಕಡೆ ಹೋಗಿ ಬರೋಣ.

ಹೊರಡುವ ಮುಂಚೆ, ಕಣ್ಣಿರುವ ಕೇಳುಗರಿಗೆ ಎರಡು ಮಾತು. ನಮ್ಮ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಇರುತ್ತದೆ. ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದುತ್ತದೆ. ಆದರೆ ಅದು ನೋಡಿ ಓದುವುದಿಲ್ಲ, ಕೇಳಿ ತಿಳಿದು ಹೇಳುತ್ತದೆ. ಪರದೆಯ ಹಿಂದೆ ಪ್ರತಿ ಗುಂಡಿಗೂ, ಪ್ರತಿ ಖಾಲಿ ಜಾಗಕ್ಕೂ ಒಂದು ಹೆಸರು ಬರೆದಿರಬೇಕು. ಆ ಹೆಸರನ್ನು ಅದು ನಮಗೆ ದಾಟಿಸುತ್ತದೆ. ತಂತ್ರಾಂಶ ಬರೆದವರು ಹೆಸರು ಬರೆಯಲು ಮರೆತರೆ ನಮಗೆ ಕೇಳಿಸುವುದು "ಬಟನ್, ಬಟನ್, ಬಟನ್." ಯಾವ ಬಟನ್? ಹಣ ಕಳಿಸುವುದೋ, ರದ್ದು ಮಾಡುವುದೋ? ಒತ್ತಿ ನೋಡುವ ಧೈರ್ಯ ಯಾರಿಗಿದೆ?

ಮೌಸ್ ನಮಗೆ ಬೇಡ. ಎಲ್ಲವೂ ಕೀಲಿಮಣೆಯಿಂದ. ಒಂದು ಜಾಲಪುಟದಲ್ಲಿ ಎಚ್ ಅಕ್ಷರ ಒತ್ತಿದರೆ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾರುತ್ತೇವೆ. ಟ್ಯಾಬ್ ಒತ್ತಿದರೆ ಮುಂದಿನ ಕೊಂಡಿಗೆ. ಹೀಗೆ ನೂರಾರು ಕೀಲಿಜೋಡಿಗಳು ಬೆರಳಿಗೆ ಬಾಯಿಪಾಠ ಆಗಿರುತ್ತವೆ. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋದರೆ ಆ ಬಾಯಿಪಾಠ ಬಹುಪಾಲು ಬದಲಾಗುತ್ತದೆ. ಕಣ್ಣಿರುವವರು ಹೊಸ ಕಂಪ್ಯೂಟರಿಗೆ ಒಂದು ವಾರದಲ್ಲಿ ಹೊಂದಿಕೊಂಡಾರು. ನಮಗೆ ತಿಂಗಳುಗಳೇ ಬೇಕು. ಆದ್ದರಿಂದ ಈ ಆಯ್ಕೆ ನಮಗೆ ರುಚಿಯ ಪ್ರಶ್ನೆ ಅಲ್ಲ, ದುಡಿಮೆಯ ಪ್ರಶ್ನೆ.

ಇನ್ನು ಧ್ವನಿ. ಹೊಸಬರು ನಮ್ಮ ಕಂಪ್ಯೂಟರಿನ ದನಿ ಕೇಳಿ ಮುಖ ಕಿವುಚುತ್ತಾರಂತೆ. "ಅಯ್ಯೋ, ಇದೇನು ಯಂತ್ರದ ಹಾಗೆ ಮಾತಾಡುತ್ತದೆ!" ಎನ್ನುತ್ತಾರೆ. ಯಂತ್ರವೇ ತಾನೆ ಅದು! ಇ-ಸ್ಪೀಕ್ ಎಂಬ ಮುಕ್ತ ಧ್ವನಿ ತಂತ್ರಾಂಶ ಇದೆ. ಜೊನಾಥನ್ ಡಡಿಂಗ್ಟನ್ ಎಂಬುವರು ಬರೆದದ್ದು. ಅದು ಮನುಷ್ಯರ ಮಾತಿನ ಮುದ್ರಣಗಳನ್ನು ಜೋಡಿಸಿ ಮಾತಾಡುವುದಿಲ್ಲ. ಸದ್ದನ್ನು ಅದು ಬಹುಪಾಲು ಲೆಕ್ಕ ಹಾಕಿ ಹುಟ್ಟಿಸುತ್ತದೆ. ಹಾಗಾಗಿ ಗಾತ್ರ ಪುಟ್ಟದು. ನೂರಕ್ಕೂ ಹೆಚ್ಚು ಭಾಷೆ ಸೇರಿಯೂ ಕೆಲವೇ ಮೆಗಾಬೈಟು. ಕೀಲಿ ಒತ್ತಿದ ಕೂಡಲೇ ಉತ್ತರ ಬರುತ್ತದೆ. ವೇಗ ಹೆಚ್ಚಿಸಿದರೂ ಅಕ್ಷರ ಕಲಸಿಹೋಗುವುದಿಲ್ಲ. ಸಿಹಿ ದನಿ ಕಾದಂಬರಿ ಕೇಳಲು ಚೆನ್ನ. ದಿನವಿಡೀ ಕೆಲಸಕ್ಕೆ ನನಗೆ ಈ ಒರಟು ದನಿಯೇ ಇಷ್ಟ. ಅದು ತಡಮಾಡುವುದಿಲ್ಲ.

ಇಷ್ಟು ಹೇಳಿದೆ: ಸ್ಕ್ರೀನ್ ರೀಡರ್ ಹೆಸರುಗಳನ್ನು ಕೇಳಿ ತಿಳಿದು ಹೇಳುತ್ತದೆ, ಕೀಲಿಗಳು ನಮ್ಮ ಬಾಯಿಪಾಠ, ವೇಗದ ದನಿ ನಮ್ಮ ಅಗತ್ಯ. ಈಗ ವಿಂಡೋಸ್‌ಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು, ಯಾಕೆಂದರೆ ನಮ್ಮವರು ಬಹುಮಂದಿ ಇರುವುದು ಇಲ್ಲಿಯೇ.

ವಿಂಡೋಸ್‌ನಲ್ಲಿ ಮುಖ್ಯವಾಗಿ ಮೂರು ಸ್ಕ್ರೀನ್ ರೀಡರ್‌ಗಳು. ಹಿರಿಯದು ಜಾಸ್. ಇದನ್ನು ಆರಂಭಿಸಿದವರು ಅಮೆರಿಕದ ಟೆಡ್ ಹೆಂಟರ್. ಅವರು ಮೋಟಾರ್‌ಸೈಕಲ್ ಪಂದ್ಯಗಳಲ್ಲಿ ಸ್ಪರ್ಧಿಸುತ್ತಿದ್ದವರು. 1978ರಲ್ಲಿ ಒಂದು ರಸ್ತೆ ಅಪಘಾತ ಅವರ ಕಣ್ಣು ಕಸಿಯಿತು. ಆಮೇಲೆ ಕಂಪ್ಯೂಟರ್ ಕಲಿತರು, ಕಂಪನಿ ಕಟ್ಟಿದರು. 1989ರಲ್ಲಿ ಡಾಸ್ ಎಂಬ ಹಳೆಯ ವ್ಯವಸ್ಥೆಗೆ, 1995ರಲ್ಲಿ ವಿಂಡೋಸ್‌ಗೆ ಜಾಸ್ ಬಂತು. ವರ್ಡ್, ಎಕ್ಸೆಲ್‌ನಂಥ ಕಚೇರಿ ಕೆಲಸಕ್ಕೆ ಅದು ಇವತ್ತಿಗೂ ಗಟ್ಟಿ. ಒಂದು ಕಂಪನಿಯ ತಂತ್ರಾಂಶ ಸರಿಯಾಗಿ ಓದಲಿಲ್ಲ ಎನ್ನಿ, ಜಾಸ್‌ಗೆ ಸ್ಕ್ರಿಪ್ಟ್ ಬರೆದು ಅದನ್ನು ಓದುವ ಹಾಗೆ ಮಾಡಬಹುದು. ದೊಡ್ಡ ಕಚೇರಿಗಳಲ್ಲಿ ಜಾಸ್ ಉಳಿದಿರುವುದು ಈ ಗುಣದಿಂದ.

ಆದರೆ ಬೆಲೆ! ಅಮೆರಿಕದಲ್ಲಿ ಅದರ ಶಾಶ್ವತ ಪರವಾನಗಿಗೆ ಬಹಳ ಕಾಲ ಸುಮಾರು 1000 ಡಾಲರ್ ಬೆಲೆ ಇತ್ತು. ಮನೆಬಳಕೆಯ ವಾರ್ಷಿಕ ಪರವಾನಗಿಯೇ 100 ಡಾಲರಿನ ಆಸುಪಾಸು. ಪರವಾನಗಿ ಇಲ್ಲದಿದ್ದರೆ 40 ನಿಮಿಷ ಮಾತಾಡುತ್ತದೆ. ಆಮೇಲೆ ಗಪ್‌ಚಿಪ್. ಮತ್ತೆ ಮಾತಾಡಬೇಕೆಂದರೆ ಕಂಪ್ಯೂಟರನ್ನೇ ಆರಿಸಿ ಹೊತ್ತಿಸಬೇಕು. ನಮ್ಮ ಪೀಳಿಗೆಯ ಎಷ್ಟೋ ಮಂದಿ ಟೈಪಿಂಗ್ ಕಲಿತದ್ದು, ಅರ್ಜಿ ಬರೆದದ್ದು ಈ ನಲವತ್ತು ನಿಮಿಷದ ಕಂತುಗಳಲ್ಲಿ. ಅರ್ಜಿಯ ಕೊನೆಯ ಸಾಲಿಗೆ ಬರುವಷ್ಟರಲ್ಲಿ ದನಿ ಹೋಗುವುದು, ಉಳಿಸಿದ್ದೇವೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುವುದು. ಕಾಸಿಲ್ಲದವನಿಗೆ ಮೌನ ಎಂಬುದು ಇಲ್ಲಿ ನಿಯಮವೇ ಆಗಿತ್ತು.

ಆ ನಿಯಮ ಮುರಿದದ್ದು ಎನ್‌ವಿಡಿಎ. ಆಸ್ಟ್ರೇಲಿಯದ ಮೈಕೆಲ್ ಕರನ್ 2006ರಲ್ಲಿ ಇದನ್ನು ಬರೆಯಲು ಶುರುಮಾಡಿದರು. ಗೆಳೆಯ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ಕಣ್ಣು ಕಾಣದವರು. ಚಿಕ್ಕಂದಿನಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಪರಿಚಯ ಆದವರು. ಅವರ ಮಾತು ಸರಳ: ಕಣ್ಣಿರುವವರು ಪರದೆ ನೋಡಲು ಬೇರೆ ಕಾಸು ಕೊಡುವುದಿಲ್ಲ, ನಾವೇಕೆ ಕೊಡಬೇಕು? ಎನ್‌ವಿಡಿಎ ಪೂರ್ತಿ ಉಚಿತ. ಅದರ ಮೂಲ ಬರಹ ಮುಕ್ತ. ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಹೋಗಿ, ಬೇರೆಯವರ ಕಂಪ್ಯೂಟರಿನಲ್ಲಿ ಚುಚ್ಚಿ, ಓಡಿಸಬಹುದು. ಸೈಬರ್ ಸೆಂಟರ್ ಇರಲಿ, ಕಾಲೇಜಿನ ಪ್ರಯೋಗಾಲಯ ಇರಲಿ, ಅನುಮತಿ ಕೊಟ್ಟರೆ ಸಾಕು.

ಮೂರನೆಯದು ನರೇಟರ್. ವಿಂಡೋಸ್‌ನ ಒಳಗೇ ಇರುವಂಥದು. ಅದು ಬಂದು ಇಪ್ಪತ್ತೈದು ವರ್ಷ ದಾಟಿತು. ಮೊದಲ ಹದಿನೈದು ವರ್ಷ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಈಗ ಚೆನ್ನಾಗಿ ಬೆಳೆದಿದೆ.

ಅಮೆರಿಕದ ವೆಬ್‌ಏಮ್ ಎಂಬ ಸಂಸ್ಥೆ ಸ್ಕ್ರೀನ್ ರೀಡರ್ ಬಳಸುವವರನ್ನು ಆಗಾಗ ಪ್ರಶ್ನಿಸಿ ಲೆಕ್ಕ ತೆಗೆಯುತ್ತದೆ. 2024ರ ಆರಂಭದಲ್ಲಿ ಹೊರಬಂದ ಲೆಕ್ಕದಲ್ಲಿ ಸುಮಾರು 1500 ಮಂದಿ ಉತ್ತರಿಸಿದ್ದರು. ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಜನ ವಿಂಡೋಸ್‌ನಲ್ಲಿದ್ದರು. ಮುಖ್ಯ ಸ್ಕ್ರೀನ್ ರೀಡರ್ ಯಾವುದು ಎಂದರೆ, ನೂರಕ್ಕೆ ನಲವತ್ತು ಜನ ಜಾಸ್ ಎಂದರು. ಅದಕ್ಕಿಂತ ಒಂದಿಷ್ಟೇ ಕಡಿಮೆ ಜನ ಎನ್‌ವಿಡಿಎ ಎಂದರು. ಹತ್ತರಲ್ಲಿ ಏಳು ಜನ ಒಂದಕ್ಕಿಂತ ಹೆಚ್ಚು ಸ್ಕ್ರೀನ್ ರೀಡರ್ ಬಳಸುತ್ತೇವೆ ಎಂದರು. ಈ ಕೊನೆಯ ಸಂಖ್ಯೆಯನ್ನು ಗಮನಿಸಿ. ನನ್ನ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ವಿಂಡೋಸ್‌ನಲ್ಲಿ ಎನ್‌ವಿಡಿಎ ಮಾತು ನಿಲ್ಲಿಸಿತು ಎನ್ನೋಣ. ಕಂಟ್ರೋಲ್, ಆಲ್ಟ್, ಎನ್, ಈ ಮೂರನ್ನೂ ಒಟ್ಟಿಗೆ ಒತ್ತಿ. ಅದು ಮತ್ತೆ ಎದ್ದು ಕೂರುತ್ತದೆ. ಏಳಲಿಲ್ಲವೆ? ಕಂಟ್ರೋಲ್, ವಿಂಡೋಸ್ ಕೀಲಿ, ಎಂಟರ್ ಒತ್ತಿ. ನರೇಟರ್ ಮಾತಾಡುತ್ತದೆ. ಅದರ ಸಹಾಯದಿಂದ ಎನ್‌ವಿಡಿಎಯನ್ನು ಸರಿಮಾಡಿ. ಒಂದು ದನಿ ಬಿದ್ದರೆ ಹೆಗಲು ಕೊಡಲು ಇನ್ನೊಂದು ದನಿ. ವಿಂಡೋಸ್‌ನ ದೊಡ್ಡ ಗುಣ ಇದು. ಇನ್ನೊಂದು ಗುಣ ಈಚೆಗೆ ಬಂತು. 2025ರ ಎನ್‌ವಿಡಿಎ ಆವೃತ್ತಿಯಿಂದ ದೂರದ ಕಂಪ್ಯೂಟರನ್ನು ನಡೆಸುವ ಸೌಲಭ್ಯ ಅದರ ಒಳಗೇ ಇದೆ. ನೀವು ರಾಯಚೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರೆ, ಮೈಸೂರಿನ ಗೆಳೆಯ ನಿಮ್ಮ ಕಂಪ್ಯೂಟರಿನ ಮಾತನ್ನು ತನ್ನ ಕಿವಿಯಲ್ಲೇ ಕೇಳಿ ಸರಿಮಾಡಿಕೊಡಬಹುದು. ಆ ಗೆಳೆಯನಿಗೂ ಕಣ್ಣು ಬೇಕಾಗಿಲ್ಲ.

ಹಾಗೆಂದು ಎಲ್ಲವೂ ಸರಿಯಿಲ್ಲ. ಕೆಲವು ಮೌನಗಳಿಗೆ ಸ್ಕ್ರೀನ್ ರೀಡರ್ ಕಾರಣವೇ ಅಲ್ಲ. ಲ್ಯಾಪ್‌ಟಾಪನ್ನು ದೊಡ್ಡ ಟಿವಿಗೋ ಮಾನಿಟರಿಗೋ ಜೋಡಿಸುತ್ತೀರಿ. ಸದ್ದು ಆ ತಂತಿಯೊಳಗೆ ಹೊಕ್ಕು ಅತ್ತ ಹೋಗುತ್ತದೆ. ಅಲ್ಲಿ ಸ್ಪೀಕರ್ ಇಲ್ಲದಿದ್ದರೆ ಮುಗಿಯಿತು. ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನು ಎರಡು ಕ್ಷಣ ಸುಮ್ಮನಿದ್ದರೆ ನಿದ್ದೆಹೋಗುತ್ತದೆ. ಏಳುವಾಗ ಮಾತಿನ ಮೊದಲ ಅಕ್ಷರ ನುಂಗುತ್ತದೆ. "ಅಸಮ್ಮತಿ" ಎನ್ನುವುದರಲ್ಲಿ ಆ ಮೊದಲ ಅಕ್ಷರ ಕೇಳದಿದ್ದರೆ ಏನಾದೀತು, ಯೋಚಿಸಿ. ನನ್ನ ಸಲಹೆ: ತಂತಿಯ ಇಯರ್‌ಫೋನ್ ಇಟ್ಟುಕೊಳ್ಳಿ. ಜೊತೆಗೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡು ಒಂದಿರಲಿ. ಕೆಲವು ನೂರು ರೂಪಾಯಿಯ ವಸ್ತು. ಒಳಗಿನ ಸದ್ದಿನ ವ್ಯವಸ್ಥೆ ಕೆಟ್ಟರೂ ಅದು ಸಾಮಾನ್ಯವಾಗಿ ತಾನೇ ಮಾತಾಡುತ್ತದೆ. ದುಬಾರಿ ಪ್ರೊಸೆಸರಿಗಿಂತ ನಮಗೆ ಅದು ದೊಡ್ಡ ಆಸ್ತಿ.

ಮತ್ತೊಂದು ಮೌನ ಇನ್ನೂ ಆಳದ್ದು. ವಿಂಡೋಸ್ ಶುರುವಾಗುವ ಮುಂಚೆ ಬಯಾಸ್ ಎಂಬ ಒಂದು ಹಂತ ಇದೆ. ಅಲ್ಲಿ ಯಾವ ಸ್ಕ್ರೀನ್ ರೀಡರೂ ಓಡುವುದಿಲ್ಲ. ಯಂತ್ರದ ಆಳದ ಕೆಲಸ ಬಂದರೆ ಕಣ್ಣಿರುವವರೊಬ್ಬರು ಬೇಕು. ಇಲ್ಲವೇ ಫೋನು ಬೇಕು. ಅದರ ಮಾತು ಮುಂದೆ ಬರುತ್ತದೆ.

ಇದುವರೆಗೆ ಕೇಳಿದ್ದು ಇಷ್ಟು: ವಿಂಡೋಸ್‌ನಲ್ಲಿ ಮೂರು ದನಿಗಳಿವೆ, ಒಂದು ಬಿದ್ದರೆ ಇನ್ನೊಂದು ಎತ್ತುತ್ತದೆ, ಸಹಾಯಕ್ಕೆ ಜನ ಸಿಗುತ್ತಾರೆ. ಈಗ ನಮ್ಮದೇ ಆದ ಒಂದು ಮೌನದ ಕಡೆಗೆ. ಅದು ಕನ್ನಡದ್ದು. ಕಂಪ್ಯೂಟರ್ ಯಾವುದೇ ಇರಲಿ, ಈ ತೊಡಕು ಬಿಡುವುದಿಲ್ಲ.

ಕಚೇರಿಯಿಂದ ಒಂದು ಸುತ್ತೋಲೆ ಬರುತ್ತದೆ. ಕನ್ನಡದಲ್ಲಿದೆ ಎನ್ನುತ್ತಾರೆ. ತೆರೆದರೆ ನಮಗೆ ಕೇಳಿಸುವುದು: "ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್..." ಇದೇನು ಗ್ರಹಚಾರ? ಹೇಳುತ್ತೇನೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳ ಕಾಲದಲ್ಲಿ ಕಂಪ್ಯೂಟರಿನ ಒಳಗೆ ಕನ್ನಡ ಇರುತ್ತಿರಲಿಲ್ಲ. ಒಳಗೆ ಇರುತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು, ಚಿಹ್ನೆಗಳು. ಅವುಗಳ ಮೇಲೆ ಫಾಂಟು ಕನ್ನಡದ ಆಕಾರವನ್ನು ಹೊದಿಸುತ್ತಿತ್ತು. ಕಣ್ಣಿಗೆ ನ ಅಕ್ಷರ. ಒಳಗೆ ಬ್ರಿಟನ್ನಿನ ಹಣದ ಗುರುತು. ಸ್ಕ್ರೀನ್ ರೀಡರಿಗೆ ಹೊದಿಕೆ ಕಾಣುವುದಿಲ್ಲ. ಒಳಗಿದ್ದದ್ದನ್ನು ಪ್ರಾಮಾಣಿಕವಾಗಿ ಓದುತ್ತದೆ. ಕನ್ನಡ ಎಂಬ ಮೂರಕ್ಷರ ಹೀಗೆ ಪೌಂಡಿನ ಲೆಕ್ಕವಾಗುತ್ತದೆ.

ಯೂನಿಕೋಡ್ ಎಂಬ ಅಕ್ಷರಸಂಕೇತ ಪದ್ಧತಿ ಈ ತೊಡಕನ್ನು ನೀಗಿಸಿತು. ಅಲ್ಲಿ ಕ ಎಂದರೆ ಒಳಗೂ ಕ, ಹೊರಗೂ ಕ. ಈಗಿನ ನುಡಿಯಲ್ಲೂ ಯೂನಿಕೋಡ್ ಸೌಲಭ್ಯ ಇದೆ. ಆದರೆ ಹಳೆಯ ಅಭ್ಯಾಸ ಹೋಗಿಲ್ಲ. ಅಚ್ಚುಮನೆಗಳ ಡಿಟಿಪಿಯಲ್ಲಿ ಹಳೆಯ ಫಾಂಟು ಇನ್ನೂ ಜೀವಂತ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ತಂತ್ರಾಂಶಗಳಿವೆ. ಒಂದನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳದೆ ಕನ್ನಡದ ಅಂಧ ಉದ್ಯೋಗಿಗೆ ದಿನ ಸಾಗುವುದಿಲ್ಲ. ಇನ್ನು ಪುಟವನ್ನು ಫೋಟೊ ತೆಗೆದು ಪಿಡಿಎಫ್ ಎಂದು ಕಳಿಸುವವರಿದ್ದಾರೆ. ಅದರೊಳಗೆ ಅಕ್ಷರವೇ ಇಲ್ಲ. ಟೆಸೆರಾಕ್ಟ್‌ನಂಥ ಅಕ್ಷರ ಗುರುತಿಸುವ ಮುಕ್ತ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಆದರೆ ಒತ್ತಕ್ಷರ ಕೂಡಿದ ಕಡೆ ಅದೂ ತಡವರಿಸುತ್ತದೆ.

ಓದುವ ದನಿಯೂ ಕನ್ನಡದ್ದಾಗಬೇಕು. ಎನ್‌ವಿಡಿಎ ಜೊತೆ ಬರುವ ಇ-ಸ್ಪೀಕ್‌ಗೆ ಕನ್ನಡ ಬರುತ್ತದೆ. ಕಾಸಿಲ್ಲ, ಇಂಟರ್ನೆಟ್ ಬೇಕಿಲ್ಲ. ಉಚ್ಚಾರ ಸಪ್ಪೆ, ಆದರೆ ಕೆಲಸ ನಿಲ್ಲುವುದಿಲ್ಲ. ಕನ್ನಡದ ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನೂ ಓದಿಕೊಂಡು ಹೋಗುತ್ತದೆ. ನಮ್ಮ ಬರಹದಲ್ಲಿ ಅಂಥ ಬೆರಕೆ ಎಷ್ಟಿದೆ ಎಂದು ನಿಮಗೆ ಗೊತ್ತು. ಎಡ್ಜ್ ಬ್ರೌಸರಿನ ಗಟ್ಟಿಯಾಗಿ ಓದುವ ಸೌಲಭ್ಯದಲ್ಲಿ ಇದಕ್ಕಿಂತ ಇಂಪಾದ ಕನ್ನಡ ದನಿಗಳಿವೆ. ಲೇಖನ ಕೇಳಲು ಅವು ಸೊಗಸು. ಆದರೆ ಅದು ಲೇಖನ ಮಾತ್ರ ಓದುತ್ತದೆ, ಮೆನು ಓದುವುದಿಲ್ಲ. ಇಂಟರ್ನೆಟ್ ಹೋದರೆ ದನಿಯೂ ಹೋಗುತ್ತದೆ. ಆ್ಯಪಲ್ ಕಂಪನಿ 2022ರಲ್ಲಿ ಕನ್ನಡದ ದನಿಯನ್ನು ಐಫೋನ್, ಮ್ಯಾಕ್ ಎರಡಕ್ಕೂ ಸೇರಿಸಿತು. ತಡವಾಗಿ ಬಂದರೂ ಬಂತು.

ಟೈಪು ಮಾಡುವುದು? ಕೆ. ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸ ನಮಗೆ ವರದಾನ. ಇಂಗ್ಲಿಷ್ ಕೀಲಿಯ ಸದ್ದಿಗೆ ಕನ್ನಡದ ಸದ್ದು. ಕೀಲಿಮಣೆಯ ಮೇಲೆ ಕನ್ನಡ ಅಂಟಿಸಿರಬೇಕಾಗಿಲ್ಲ. ವಿಂಡೋಸ್‌ನಲ್ಲಿ ನುಡಿ ಹಾಕಿಕೊಂಡರೆ ಇದು ಸಿಗುತ್ತದೆ. ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಿನಲ್ಲಿ ಮೊದಲೇ ಇರುತ್ತದೆ.

ಕನ್ನಡದ ಮಾತು ಇಷ್ಟು: ಫೈಲು ಯೂನಿಕೋಡ್ ಆಗಿರಬೇಕು, ದನಿ ಕನ್ನಡದ್ದಿರಬೇಕು. ಇನ್ನು ಮ್ಯಾಕ್.

ಚಿತ್ರಗಳ ಪರದೆ ಬಂದ ಕಾಲದಲ್ಲಿ ನಮ್ಮವರು ಹೆದರಿದ್ದರು. ಡಾಸ್‌ನಲ್ಲಿ ಬರಿಯ ಅಕ್ಷರ ಇತ್ತು, ಓದಿಸುವುದು ಸುಲಭ. ಚಿತ್ರವನ್ನು ಓದಿಸುವುದು ಹೇಗೆ? 1989ರಲ್ಲಿ ಬರ್ಕ್ಲಿ ಸಿಸ್ಟಮ್ಸ್ ಎಂಬ ಕಂಪನಿ ಮೆಕಿಂಟಾಶ್‌ಗೆ ಔಟ್‌ಸ್ಪೋಕನ್ ಎಂಬ ತಂತ್ರಾಂಶ ತಂದು ಆ ಭಯ ಕಳೆಯಿತು. ಅಂದರೆ ಚಿತ್ರದ ಪರದೆ ಮೊದಲು ಮಾತಾಡಿದ್ದೇ ಮ್ಯಾಕ್‌ನಲ್ಲಿ. 2005ರಲ್ಲಿ ಆ್ಯಪಲ್ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರನ್ನು ಮ್ಯಾಕ್‌ನ ಒಳಗೇ ಕೂರಿಸಿತು. ಅವತ್ತಿನಿಂದ ಮ್ಯಾಕ್ ಕೊಂಡರೆ ದನಿಗೆ ಬೇರೆ ಕಾಸಿಲ್ಲ.

ಮ್ಯಾಕ್‌ನ ಹೆಚ್ಚುಗಾರಿಕೆ ಮೊದಲ ದಿನವೇ ಕೇಳಿಸುತ್ತದೆ. ಪೆಟ್ಟಿಗೆ ಬಿಚ್ಚಿ, ಯಾರ ಸಹಾಯವೂ ಇಲ್ಲದೆ ಹೊಸ ಯಂತ್ರವನ್ನು ಸಜ್ಜು ಮಾಡಿಕೊಳ್ಳಬಹುದು. ವ್ಯವಸ್ಥೆ ಕೆಟ್ಟು ಮತ್ತೆ ಹಾಕಬೇಕಾದರೆ, ಆ ದುರಸ್ತಿಯ ಹಂತದಲ್ಲೂ ವಾಯ್ಸ್‌ಓವರ್ ಇದೆ. ವಿಂಡೋಸ್ ಬಯಾಸ್‌ನಲ್ಲಿ ಮೂಕವಾಗುವ ಜಾಗದಲ್ಲಿ ಮ್ಯಾಕ್ ಬಹುಪಾಲು ಮಾತಾಡುತ್ತದೆ. ಸಂಗೀತ ಮುದ್ರಣ ಮಾಡುವ ಅಂಧ ಕಲಾವಿದರು ಮ್ಯಾಕ್ ಹಿಡಿಯಲು ಇನ್ನೊಂದು ಕಾರಣ ಇದೆ. ಲಾಜಿಕ್ ಪ್ರೊ ಎಂಬ ಧ್ವನಿಮುದ್ರಣ ತಂತ್ರಾಂಶ ವಾಯ್ಸ್‌ಓವರ್ ಜೊತೆ ಚೆನ್ನಾಗಿ ನಡೆಯುತ್ತದೆ. ಐಫೋನ್ ಬಳಸುವವರಿಗೆ ಫೋನು, ಮ್ಯಾಕ್ ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಹಾಗಿದ್ದರೆ ಮ್ಯಾಕನ್ನೇ ಕೊಳ್ಳಿ ಎನ್ನಬಹುದಲ್ಲ? ನಿಲ್ಲಿ. ಮ್ಯಾಕ್‌ನಲ್ಲಿ ಚಲಿಸುವ ರೀತಿ ಬೇರೆ. ಪರದೆಯ ಒಂದು ಭಾಗದ ಒಳಗೆ ಹೊಕ್ಕು ಅದರೊಡನೆ ವ್ಯವಹರಿಸಿ, ಹೊರಬಂದು, ಇನ್ನೊಂದಕ್ಕೆ ಹೊಗಬೇಕು. ಕಂಟ್ರೋಲ್ ಮತ್ತು ಆಪ್ಷನ್ ಕೀಲಿಗಳ ಮೇಲೆ ಬೆರಳು ಸದಾ ಇರುತ್ತದೆ. ಕೆಲವರಿಗೆ ಇದು ಇಷ್ಟ. ವಿಂಡೋಸ್‌ನಿಂದ ಹೋದವರಿಗೆ ಹಲವು ತಿಂಗಳು ತಲೆನೋವು. ದೊಡ್ಡ ಜಾಲಪುಟಗಳಲ್ಲಿ, ಸಾವಿರಾರು ಸಾಲಿನ ಎಕ್ಸೆಲ್ ಹಾಳೆಯಲ್ಲಿ ವಾಯ್ಸ್‌ಓವರ್ ತಡವರಿಸುತ್ತದೆ ಎಂಬ ದೂರು ಬಳಕೆದಾರರಲ್ಲಿ ಹಳೆಯದು.

ನನ್ನ ಪ್ರಶ್ನೆಗೆ ಬರುತ್ತೇನೆ. ಅಲ್ಲಿ ಮಾತು ನಿಂತರೆ? ಕಮಾಂಡ್ ಮತ್ತು ಎಫ್5 ಒಮ್ಮೆ ಒತ್ತಿ ಆರಿಸಿ, ಮತ್ತೊಮ್ಮೆ ಒತ್ತಿ ಹೊತ್ತಿಸಿ. ಹೆಚ್ಚಿನ ಸಲ ಸರಿಹೋಗುತ್ತದೆ. ಸರಿಹೋಗದಿದ್ದರೆ ಎರಡನೆಯ ದನಿ ಇಲ್ಲ. ಮ್ಯಾಕ್‌ನಲ್ಲಿ ವಾಯ್ಸ್‌ಓವರೇ ಮೊದಲು, ವಾಯ್ಸ್‌ಓವರೇ ಕೊನೆ. ಅದರಲ್ಲಿ ದೋಷ ಇದ್ದರೆ ಕಂಪನಿ ತಿದ್ದುವವರೆಗೆ ಕಾಯಬೇಕು. ಬೆಲೆಯೂ ಹೆಚ್ಚು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಮ್ಯಾಕ್ ಬಲ್ಲ ಅಂಧ ಗೆಳೆಯರನ್ನು ಹುಡುಕುವುದು ಕಷ್ಟ. ನನ್ನ ಮಟ್ಟಿಗೆ ಈ ಕೊನೆಯ ಕಾರಣವೇ ದೊಡ್ಡದು.

ವಿಂಡೋಸ್‌ನಲ್ಲಿ ಹಲವು ದನಿ. ಮ್ಯಾಕ್‌ನಲ್ಲಿ ಒಂದೇ ದನಿ, ಆದರೆ ಬೇರುಮಟ್ಟದಿಂದ. ಉಳಿದದ್ದು ಲಿನಕ್ಸ್.

ಲಿನಕ್ಸ್‌ಗೆ ಕಾಸಿಲ್ಲ. ವಿಂಡೋಸ್ 11 ಬೇಡವೆಂದ ಹಳೆಯ ಯಂತ್ರದಲ್ಲೂ ಓಡುತ್ತದೆ. ಅದರ ಮುಖ್ಯ ಸ್ಕ್ರೀನ್ ರೀಡರ್ ಓರ್ಕಾ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಬೆಳೆದದ್ದು. 2010ರಲ್ಲಿ ಆ ಕಂಪನಿಯನ್ನು ಒರಾಕಲ್ ಕೊಂಡಿತು. ಆಮೇಲೆ ಓರ್ಕಾದ ಹೊರೆ ಬಹುಪಾಲು ಬೆರಳೆಣಿಕೆಯ ಜನರ ಹೆಗಲಿಗೆ ಬಿತ್ತು. ಅವರ ಶ್ರಮಕ್ಕೆ ನಮಸ್ಕಾರ. ಆದರೆ ಕೈಗಳು ಕಡಿಮೆ ಎಂಬುದು ಬಳಸುವಾಗ ತಿಳಿಯುತ್ತದೆ. ಲಿನಕ್ಸ್‌ನವರು ಪರದೆ ಬಿಡಿಸುವ ಹಳೆಯ ವಿಧಾನ ಬಿಟ್ಟು ವೇಲ್ಯಾಂಡ್ ಎಂಬ ಹೊಸ ವಿಧಾನಕ್ಕೆ ಹೋಗುತ್ತಿದ್ದಾರೆ. ಆ ಬದಲಾವಣೆಯಲ್ಲಿ ಸ್ಕ್ರೀನ್ ರೀಡರಿನ ಅಗತ್ಯಗಳು ಹಿಂದೆ ಬಿದ್ದವು. ಈಗ ಸರಿಪಡಿಸುತ್ತಿದ್ದಾರೆ.

ಆದರೂ ಲಿನಕ್ಸ್‌ನ ಒಂದು ಗುಣಕ್ಕೆ ನಾನು ಮನಸೋತಿದ್ದೇನೆ. ಡೆಬಿಯನ್ ಎಂಬ ಲಿನಕ್ಸ್ ಹಾಕಲು ಹೊರಟರೆ, ಶುರುವಿನಲ್ಲಿ ಬೀಪ್ ಎಂದು ಒಂದು ಸದ್ದು. ಎಸ್ ಅಕ್ಷರ ಒತ್ತಿ, ಎಂಟರ್ ಒತ್ತಿದರೆ ಇಡೀ ಅನುಸ್ಥಾಪನೆ ಮಾತಾಡುತ್ತಾ ನಡೆಯುತ್ತದೆ. ಆ ಬೀಪ್ ನಮಗಾಗಿ ಇಟ್ಟದ್ದು. ಇನ್ನೊಂದು: ಓರ್ಕಾ ಸುಮ್ಮನಾದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬರಿಯ ಅಕ್ಷರಗಳ ಪರದೆಗೆ ಇಳಿಯಬಹುದು. ಮೊದಲೇ ಸಿದ್ಧಮಾಡಿಟ್ಟಿದ್ದರೆ ಅಲ್ಲಿ ಸ್ಪೀಕಪ್ ಎಂಬ ಬೇರೆಯೇ ಸ್ಕ್ರೀನ್ ರೀಡರ್ ಮಾತಾಡುತ್ತದೆ. ಅಲ್ಲಿಂದ ಮೇಲಿನದನ್ನು ದುರಸ್ತಿ ಮಾಡಬಹುದು. ಬ್ರೈಲ್ ಚುಕ್ಕಿಗಳು ಏಳುತ್ತ ಇಳಿಯುತ್ತ ಓದಿಸುವ ಯಂತ್ರ ಇದ್ದವರಿಗೆ ಬಿಆರ್‌ಎಲ್‌ಟಿಟಿವೈ ಎಂಬ ತಂತ್ರಾಂಶ ಇದೆ. ಸದ್ದೇ ಇಲ್ಲದಿದ್ದರೂ ಬೆರಳಿಗೆ ಓದು ಸಿಗುತ್ತದೆ.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಟಿ. ವಿ. ರಾಮನ್. ಪುಣೆಯಲ್ಲಿ ಹುಟ್ಟಿದವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿ ಹೋಯಿತು. ಮುಂಬಯಿಯ ಐಐಟಿಯಲ್ಲಿ, ಆಮೇಲೆ ಅಮೆರಿಕದ ಕಾರ್ನೆಲ್‌ನಲ್ಲಿ ಓದಿದರು. 1990ರ ದಶಕದ ನಡುವೆ ಈಮ್ಯಾಕ್‌ಸ್ಪೀಕ್ ಎಂಬುದನ್ನು ಬರೆದರು. ಅದು ಪರದೆಯನ್ನು ಓದುವುದಿಲ್ಲ. ಕೆಲಸವೇ ದನಿಯಲ್ಲಿ ನಡೆಯುವ ಹಾಗೆ ಕಟ್ಟಿದ ವ್ಯವಸ್ಥೆ ಅದು. ಪ್ರೋಗ್ರಾಂ ಬರೆಯುವ ಅಂಧರು ಒಮ್ಮೆ ಅದರ ರುಚಿ ನೋಡಬೇಕು. ಉಳಿದವರಿಗೆ ಕಲಿಯುವ ದಾರಿ ಕಡಿದು.

ಒಟ್ಟಿನಲ್ಲಿ ಲಿನಕ್ಸ್‌ನಲ್ಲಿ ಮಾತು ನಿಲ್ಲುವುದು ಹೆಚ್ಚು, ಆದರೆ ಬಲ್ಲವನಿಗೆ ಮತ್ತೆ ಮಾತಾಡಿಸುವ ದಾರಿಗಳೂ ಹೆಚ್ಚು. ಬಲ್ಲವನಲ್ಲದಿದ್ದರೆ ಅದನ್ನು ಎರಡನೆಯ ಯಂತ್ರವಾಗಿ ಇಟ್ಟುಕೊಳ್ಳುವುದೇ ಕ್ಷೇಮ.

ಮೂರೂ ಆಯಿತು. ಫೋನಿನ ಮಾತು ಬಾಕಿ ಇತ್ತಲ್ಲ. 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್, ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಬಂದವು. ಹಣ ಕಳಿಸಲು, ಬಸ್ಸು ಹುಡುಕಲು, ಸಂದೇಶ ಬರೆಯಲು ಫೋನು ಸಾಕು. ಹತ್ತು ಪುಟದ ವರದಿ ಬರೆಯಲು ಸಾಲದು. ಆದರೆ ಕಂಪ್ಯೂಟರ್ ಮೂಕವಾದಾಗ ಫೋನೇ ಆಪತ್ತಿನ ಬಂಧು. ಅದರ ಕ್ಯಾಮೆರಾವನ್ನು ಪರದೆಗೆ ಹಿಡಿದರೆ ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ, ಗೂಗಲ್‌ನ ಲುಕ್‌ಔಟ್‌ನಂಥ ಆ್ಯಪುಗಳು ಅಲ್ಲಿನ ಇಂಗ್ಲಿಷ್ ಅಕ್ಷರ ಓದುತ್ತವೆ. ಡೆನ್ಮಾರ್ಕಿನಲ್ಲಿ ಹುಟ್ಟಿದ ಬಿ ಮೈ ಐಸ್ ಎಂಬ ಆ್ಯಪಿನಲ್ಲಿ, ಎಲ್ಲೋ ಇರುವ ಸ್ವಯಂಸೇವಕರು ವಿಡಿಯೊ ನೋಡಿ ಹೇಳುತ್ತಾರೆ. ಬಯಾಸ್ ಪರದೆಯ ಮೌನ ಹೀಗೆ ಮುರಿಯಬಹುದು.

ಈಗ ನನ್ನ ತೀರ್ಪು. ಕರ್ನಾಟಕದಲ್ಲಿ ಹೊಸದಾಗಿ ಕಲಿಯುವವರು ವಿಂಡೋಸ್ ಲ್ಯಾಪ್‌ಟಾಪ್ ಮತ್ತು ಎನ್‌ವಿಡಿಎ ಹಿಡಿಯಿರಿ. ಸಾಧಾರಣ ಬೆಲೆಯ ಯಂತ್ರ ಸಾಕು. ಬೆಂಗಳೂರಿನ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ಅಂಧರಿಗೆ ಕಂಪ್ಯೂಟರ್ ತರಬೇತಿ ಕೊಡುತ್ತ ಬಂದಿವೆ. ಬ್ಯಾಂಕು, ಕಚೇರಿ, ಕಾಲೇಜುಗಳಲ್ಲಿ ಹೆಚ್ಚಾಗಿ ಇರುವುದೂ ವಿಂಡೋಸೇ. ಜಾಸ್ ಬೇಕಾದರೆ ಕೆಲಸ ಕೊಟ್ಟವರಿಂದ ಕೇಳಿ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೆಲಸಕ್ಕೆ ಬೇಕಾದ ಯುಕ್ತ ಅನುಕೂಲವನ್ನು ಹಕ್ಕೆಂದು ಒಪ್ಪಿದೆ. ಸ್ವಂತ ಜೇಬಿನಿಂದ ಕೊಳ್ಳಬೇಡಿ. ಸಂಗೀತವೇ ಕಸುಬಾಗಿ, ಐಫೋನು ಕೈಯಲ್ಲಿದ್ದು, ದುಡ್ಡೂ ಇದ್ದರೆ ಮ್ಯಾಕ್ ಯೋಚಿಸಿ. ಹಳೆಯ ಯಂತ್ರ ಮೂಲೆಯಲ್ಲಿದ್ದರೆ ಎಸೆಯಬೇಡಿ, ಅದರಲ್ಲಿ ಲಿನಕ್ಸ್ ಕಲಿಯಿರಿ.

ಕಣ್ಣಿರುವ ಕೇಳುಗರಲ್ಲಿ ಒಂದು ಕೋರಿಕೆ. ಕನ್ನಡದ ಫೈಲು ಕಳಿಸುವಾಗ ಯೂನಿಕೋಡಿನಲ್ಲಿ ಕಳಿಸಿ. ಫೋಟೊ ತೆಗೆದು ಕಳಿಸಬೇಡಿ. ನಮಗಾಗಿ ನೀವು ಕೊಳ್ಳಬೇಕಾದ್ದು ಏನೂ ಇಲ್ಲ.

ಕೊಳ್ಳಲು ಹೊರಟವರಿಗೆ ಒಂದು ಸೂಚನೆ. ಅಂಗಡಿಗೆ ನಿಮ್ಮದೇ ಇಯರ್‌ಫೋನ್ ತೆಗೆದುಕೊಂಡು ಹೋಗಿ. ವಿಂಡೋಸ್ ಆದರೆ ಕಂಟ್ರೋಲ್, ವಿಂಡೋಸ್ ಕೀಲಿ, ಎಂಟರ್. ಮ್ಯಾಕ್ ಆದರೆ ಕಮಾಂಡ್, ಎಫ್5. ಕೆಲವು ಮ್ಯಾಕ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕು. ಗ್ನೋಮ್ ಎಂಬ ಪರದೆ ವ್ಯವಸ್ಥೆ ಇರುವ ಲಿನಕ್ಸ್ ಆದರೆ ಆಲ್ಟ್, ವಿಂಡೋಸ್ ಕೀಲಿ, ಎಸ್. ಯಂತ್ರ ಮಾತಾಡುತ್ತದೆ. ಅರ್ಧ ಗಂಟೆ ಕೂತು ಓಡಿಸಿ ನೋಡಿ. ಬೇಕೆಂದೇ ಒಮ್ಮೆ ದನಿ ಆರಿಸಿ, ನೀವೇ ಮತ್ತೆ ತರಿಸಿ. ಅದು ನಿಮ್ಮ ಕೈಯಿಂದ ಆದರೆ ಮಾತ್ರ ದುಡ್ಡು ಕೊಡಿ.